ಅವ್ವ ಮೂಗು ಮುರಿದ ಕಾಳು

ನನ್ನ ತವರು ಕಲಘಟಗಿ ಕಡೆ. ಮುಂಗಾರಿಗೆ ಹೊಲದ ತುಂಬ ಸೋಯಾಬೀನ್ ಬಿತ್ತುತ್ತಾರೆ, ರಾಶಿಯಾದ ಕೂಡಲೇ ಮಾರಿಬಿಡುತ್ತಾರೆ. ಅಡುಗೆಗೆಂದು ಒಂದು ಹಿಡಿ ಉಳಿಸಿಕೊಂಡಿದ್ದಿಲ್ಲ. “ಎಣ್ಣೆ ಮಿಲ್ಲಿನ ಕಾಳು, ಹಸಿ ವಾಸನೆ” ಎಂದು ಅವ್ವ ಮೂಗು ಮುರಿಯುತ್ತಿದ್ದಳು. ಹೀಗಿರುವಾಗ ಕಳೆದ ವರ್ಷ ವೈನಿ ಫೋನು ಮಾಡಿ, “ಸೋಯಾ ತಿನ್ನು, ಹೋದ ಹಾರ್ಮೋನು ತಿರುಗಿ ಬರುತ್ತದಂತೆ” ಎಂದರು. ಅದೇ ವಾರ ಪಕ್ಕದ ಮನೆಯಾಕೆ, “ಮುಟ್ಟಲೇಬೇಡಿ, ಹಾರ್ಮೋನು ಏರಿಬಿಡುತ್ತದೆ” ಎಂದರು.

ನಾನು ಇಪ್ಪತ್ತಾರು ವರ್ಷಗಳಿಂದ ಧಾರವಾಡದ ಒಂದು ಲ್ಯಾಬಿನಲ್ಲಿ ರಕ್ತ ತೆಗೆಯುವವಳು. ಮುಟ್ಟು ನಿಂತು ಮೂರು ವರ್ಷವಾಗಿದೆ. ಊರವರ ರಕ್ತ ನೋಡಿದ್ದಾಯಿತು, ನನ್ನದನ್ನೂ ನೋಡೋಣ ಎಂದುಕೊಂಡೆ. ಮೊದಲ ರಿಪೋರ್ಟು: ಅಂಡಾಶಯವನ್ನು ಎಬ್ಬಿಸುವ ಹಾರ್ಮೋನು ಎಫ್‌ಎಸ್‌ಎಚ್ 71, ಅಂಡಾಶಯ ಕೊಡುವ ಎಸ್ಟ್ರೊಜೆನ್ ಆದ ಎಸ್ಟ್ರಡಿಯಾಲ್ 14. ಈ ವಯಸ್ಸಿಗೆ ತಕ್ಕ ಅಂಕಿಗಳೇ. ಅಂಡಾಶಯ ಸುಮ್ಮನಾದರೂ ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿ ಕೂಗಿ ಕರೆಯುವುದನ್ನು ಬಿಡುವುದಿಲ್ಲ. ಅದಕ್ಕೇ ಎಫ್‌ಎಸ್‌ಎಚ್ ಏರಿರುತ್ತದೆ.

ಐದು ಕಿಲೋ ಗೋದಿಗೆ ಅರ್ಧ ಕಿಲೋ ಹುರಿದ ಸೋಯಾ ಸೇರಿಸಿ ಗಿರಣಿಗೆ ಒಯ್ದೆ. ಕಲ್ಲಿಗೆ ಎಣ್ಣೆ ಹಿಡಿಯುತ್ತದೆ ಎಂದು ಗಿರಣಿಯವನು ಗೊಣಗಿದ. ಚಪಾತಿ ಮೆತ್ತಗೆ ಬಂದವು. ಕಾಳು ಸರಿಯಾಗಿ ಹುರಿಯದ ಸಲ ಮಾತ್ರ ಅವ್ವ ಹೇಳುತ್ತಿದ್ದ ವಾಸನೆ ಮೂಗಿಗೆ ಬಡಿಯಿತು. ವಾರಕ್ಕೆ ಮೂರು ದಿನ ಸೋಯಾ ಚಂಕ್ಸ್ ಪಲ್ಯ: ಬಿಸಿನೀರಿನಲ್ಲಿ ನೆನೆಸಿ, ಎರಡು ಸಲ ಗಟ್ಟಿಯಾಗಿ ಹಿಂಡಿ, ಮೇಲೆ ಗುರೆಳ್ಳು ಪುಡಿ.

ನಾಲ್ಕು ತಿಂಗಳ ನಂತರ ಎಫ್‌ಎಸ್‌ಎಚ್ 69, ಎಸ್ಟ್ರಡಿಯಾಲ್ 13. ಇಷ್ಟು ಕೆಳಗಿನ ಮಟ್ಟದಲ್ಲಿ ಒಂದೆರಡು ಅಂಕಿ ಯಂತ್ರದ್ದೇ ಆಟ. ನನ್ನೊಬ್ಬಳ ರಕ್ತ ಸಾಕ್ಷಿಯಾಗದು, ನಿಜ. ಆದರೆ 2009ರಲ್ಲಿ ಹತ್ತಾರು ಪ್ರಯೋಗಗಳನ್ನು ಒಟ್ಟು ಸೇರಿಸಿ ನೋಡಿದಾಗಲೂ ಮುಟ್ಟು ನಿಂತ ಹೆಂಗಸರ ಎಸ್ಟ್ರಡಿಯಾಲ್, ಎಫ್‌ಎಸ್‌ಎಚ್, ಅದರ ಜೊತೆಗಾರ ಹಾರ್ಮೋನು ಎಲ್‌ಎಚ್ ಗಣನೀಯವಾಗಿ ಅಲುಗಾಡಿರಲಿಲ್ಲ. ಸೋಯಾದಲ್ಲಿರುವ, ಎಸ್ಟ್ರೊಜೆನ್ನನ್ನು ಹೋಲುವ ವಸ್ತುಗಳಾದ ಐಸೊಫ್ಲೇವೋನುಗಳು ರಜೆ ಹಾಕಿದವರ ಕುರ್ಚಿಯಲ್ಲಿ ಕೂತ ತಾತ್ಕಾಲಿಕ ನೌಕರರಂತೆ: ಎಸ್ಟ್ರೊಜೆನ್ನಿನ ಜಾಗ ಹಿಡಿಯುತ್ತವೆ, ಆದರೆ ಕಡತ ಮುಂದೆ ಸರಿಯುವುದು ನಿಧಾನ. ಈ ಐಸೊಫ್ಲೇವೋನುಗಳಲ್ಲೊಂದನ್ನು ಕರುಳಿನ ಬ್ಯಾಕ್ಟೀರಿಯಾಗಳು ಈಕ್ವಾಲ್ ಎಂಬ ಹೆಚ್ಚು ಚುರುಕಾದ ವಸ್ತುವಾಗಿ ಬದಲಿಸುತ್ತವೆ. ಆ ವಿದ್ಯೆ ಎಲ್ಲರ ಕರುಳಿಗೂ ಬರುವುದಿಲ್ಲ. ಜಪಾನಿನಲ್ಲಿ ಸುಮಾರು ಅರ್ಧದಷ್ಟು ಜನರಿಗೆ ಬರುತ್ತದೆ, ಪಾಶ್ಚಾತ್ಯರಲ್ಲಿ ಇನ್ನೂ ಕಡಿಮೆ.

ರಾತ್ರಿ ಎರಡಕ್ಕೆ ಮೈ ಬಿಸಿಯೇರಿ ಫ್ಯಾನಿನ ಕೆಳಗೆ ನಿಲ್ಲುವುದು ಕಡಿಮೆಯಾಗಿತ್ತು. ಆದರೆ ಅದು ಪುಷ್ಯ ಮಾಸದ ಚಳಿ, ಲೆಕ್ಕಕ್ಕೆ ಹಿಡಿಯುವಂತಿಲ್ಲ.

ನಿಜಕ್ಕೂ ಬದಲಾದದ್ದು ಥೈರಾಯ್ಡ್ ಹಾರ್ಮೋನು ಸಾಲದಾದಾಗ ಏರುವ ಟಿಎಸ್‌ಎಚ್: 2.8 ಇದ್ದದ್ದು 7.1. ಥೈರಾಯ್ಡ್ ಮಾತ್ರೆ ನುಂಗಿ, ಅರ್ಧ ಗಂಟೆಗೆಲ್ಲ ಸೋಯಾ ಚಪಾತಿ ತಿಂದು ಕೆಲಸಕ್ಕೆ ಓಡುತ್ತಿದ್ದೆ. ಮಾತ್ರೆ ಮೈಗೆ ಹತ್ತಲು ಸೋಯಾ ಅಡ್ಡಿ ಮಾಡುತ್ತದೆ. ಬಂದವರಿಗೆಲ್ಲ ಹೇಳುವ ಮಾತನ್ನು ನನಗೆ ನಾನೇ ಹೇಳಿಕೊಂಡಿರಲಿಲ್ಲ! ವೈದ್ಯರು ಮಾತ್ರೆ ಹೆಚ್ಚಿಸಲಿಲ್ಲ, ಚಪಾತಿಯನ್ನು ರಾತ್ರಿಗೆ ದಾಟಿಸಿದರು. ಎರಡು ತಿಂಗಳಿಗೆ 3.0.

“ಅಂದರೆ ಹಾರ್ಮೋನು ಬರಲಿಲ್ಲವೇ?” ಎಂದು ವೈನಿ ಕೇಳಿದರು.

“ಇಲ್ಲ ವೈನಿ. ಈ ಸಲದ ರಾಶಿಯಲ್ಲಿ ಹತ್ತು ಕಿಲೋ ನನಗೆ ಎತ್ತಿಡಿ” ಎಂದೆ.