ಪರಿಹಾರ ಕೇಂದ್ರದ ವರಾಂಡದಲ್ಲಿ ಒಂದು ತರಗತಿ

ಹೊಳೆ ತುಂಬಿ ಬಂದರೆ ನಮ್ಮ ಕಡೆ ಮೊದಲು ಬೀಗ ತೆಗೆಯುವುದು ಸರ್ಕಾರಿ ಶಾಲೆಯದ್ದು. ಗಟ್ಟಿ ಗೋಡೆ ಇರುತ್ತದೆ. ಬಿಸಿಯೂಟದ ಅಡುಗೆಮನೆ, ದೊಡ್ಡ ಪಾತ್ರೆ, ಗ್ಯಾಸ್ ಎಲ್ಲ ಅಲ್ಲೇ ಸಿಗುತ್ತದೆ. ಶಾಲೆ ಪರಿಹಾರ ಕೇಂದ್ರವಾಗುವುದು ಸಹಜ. ಆದರೆ ಮಕ್ಕಳಿಗೆ ಶಾಲೆ ಜಾಸ್ತಿ ಬೇಕಾಗುವ ಹೊತ್ತಿಗೇ ಅದರ ಬಾಗಿಲು ಮುಚ್ಚಿಹೋಗುತ್ತದೆ. ಇದನ್ನು ನಾನು 2019ರ ಆಗಸ್ಟಿನಲ್ಲಿ ಕಣ್ಣಾರೆ ಕಂಡೆ.

ನಾನು ಬಾದಾಮಿ ತಾಲ್ಲೂಕಿನ ಒಂದು ಊರಿನಲ್ಲಿ ನಲಿ-ಕಲಿ ಶಿಕ್ಷಕಿ. ನಲಿ-ಕಲಿ ಅಂದರೆ ಸರ್ಕಾರಿ ಶಾಲೆಯ ಚಿಕ್ಕ ಮಕ್ಕಳಿಗೆ ಕಾರ್ಡು, ಚಟುವಟಿಕೆಗಳ ಮೂಲಕ ಕಲಿಸುವ ಪದ್ಧತಿ. ಆ ವರ್ಷ ಬೇಸಿಗೆಯಲ್ಲಿ ಬರ, ಕುಡಿಯುವ ನೀರಿಗೂ ಪರದಾಟ. ಆಗಸ್ಟಿನಲ್ಲಿ ಘಟ್ಟದ ಕಡೆ ಮಳೆ ಸುರಿದು, ನವಿಲುತೀರ್ಥ ಅಣೆಕಟ್ಟು ತುಂಬಿ, ಮಲಪ್ರಭೆ ದಂಡೆ ದಾಟಿ ಬಂದಳು. ಪಟ್ಟದಕಲ್ಲಿನ ಗುಡಿಗಳವರೆಗೂ ನೀರು. ಪಂಚಮಿಯ ಉಂಡಿ ಇನ್ನೂ ಡಬ್ಬಿಯಲ್ಲಿರುವಾಗಲೇ ಹೊಳೆಸಾಲಿನ ಊರಿನ ಜನ ಟ್ರ್ಯಾಕ್ಟರ್ ಏರಿ ನಮ್ಮ ಶಾಲೆಗೆ ಬಂದರು.

ಶಿಕ್ಷಣ ಹಕ್ಕು ಕಾಯ್ದೆಯ 27ನೇ ಕಲಂ ಶಿಕ್ಷಕರನ್ನು ಬೇರೆ ಕೆಲಸಕ್ಕೆ ಹಚ್ಚಬಾರದು ಅನ್ನುತ್ತದೆ. ಜನಗಣತಿ, ಚುನಾವಣೆ, ವಿಪತ್ತು ಪರಿಹಾರಕ್ಕೆ ಮಾತ್ರ ವಿನಾಯಿತಿ. ಹಾಗಾಗಿ ನಾವೆಲ್ಲ ಹೆಸರು ಬರೆದುಕೊಳ್ಳುವುದು, ಹೊದಿಕೆ ಹಂಚುವುದು, ಅನ್ನ ಬಡಿಸುವುದರಲ್ಲಿ ಮುಳುಗಿದೆವು. ಅದು ಆಗಲೇಬೇಕಾದ ಕೆಲಸ. ಆದರೆ ಮಕ್ಕಳು ದಿನವಿಡೀ ಏನು ಮಾಡಬೇಕು ಎನ್ನುವುದು ಯಾರ ಪಟ್ಟಿಯಲ್ಲೂ ಇರಲಿಲ್ಲ.

ಅವರು ತಟ್ಟೆ ಹಿಡಿದು ಸಾಲು ನಿಲ್ಲುತ್ತಿದ್ದರು. ಹೊರಗಿನಿಂದ ರೊಟ್ಟಿ, ಬಟ್ಟೆ ಹೊತ್ತ ಲಾರಿ ಬಂದರೆ ಓಡುತ್ತಿದ್ದರು. ಉಳಿದ ಹೊತ್ತು ಜಗಳ, ಅಳು, ಇಲ್ಲಾಂದ್ರೆ ಸುಮ್ನೆ ಕೂತಿರುವುದು. ಒಂದು ಸಂಜೆ ಮೂರನೇ ತರಗತಿಯ ಹುಡುಗಿಯೊಬ್ಬಳು ನನ್ನ ಸೆರಗು ಜಗ್ಗಿದಳು. "ಅಕ್ಕೋರ, ನನ್ ಪಾಟಿಚೀಲ ಹೊಳ್ಯಾಗ ಹೋತ್ರಿ. ಸಾಲಿಗಿ ಹೋದ್ರ ಬೈತಾರೇನ್ರಿ?" ಕೇಳಿದ್ದು ಶಾಲೆಯ ವರಾಂಡದಲ್ಲೇ ನಿಂತು. ಅವಳ ಪಾಲಿಗೆ ಅದು ಆಗ ಶಾಲೆ ಆಗಿರಲಿಲ್ಲ.

ಮರುದಿನ ಮುಂಜಾನೆ ಉಪ್ಪಿಟ್ಟು ಮುಗಿದ ಮೇಲೆ ವರಾಂಡದ ಒಂದು ತುದಿ ಗುಡಿಸಿ, ಬೀರುವಿನಲ್ಲಿದ್ದ ನಲಿ-ಕಲಿ ಕಾರ್ಡುಗಳನ್ನು ಹರಡಿದೆ. ಮುಖ್ಯಗುರುಗಳು ನನ್ನ ಬಡಿಸುವ ಪಾಳಿಯನ್ನು ಬೇರೆಯವರಿಗೆ ಕೊಟ್ಟರು. ಅಷ್ಟು ಸಾಕಾಯಿತು.

ನಲಿ-ಕಲಿಯ ನಿಜವಾದ ಬೆಲೆ ನನಗೆ ಗೊತ್ತಾದದ್ದು ಅಲ್ಲಿ. ಒಂದರಿಂದ ಮೂರನೇ ತರಗತಿಯ ಮಕ್ಕಳು ಒಟ್ಟಿಗೆ ಕೂರುತ್ತಾರೆ. ಪ್ರತಿ ಮಗು ಕಲಿಕಾ ಏಣಿಯಲ್ಲಿ, ಅಂದರೆ ಕಲಿಕೆಯ ಹಂತಗಳನ್ನು ಮೆಟ್ಟಿಲುಗಳಂತೆ ತೋರಿಸುವ ಚಿತ್ರದಲ್ಲಿ, ತನ್ನ ಮೆಟ್ಟಿಲಿನಿಂದ ಮುಂದೆ ಹೋಗುತ್ತದೆ. ಬೇರೆ ಬೇರೆ ಊರಿನ ಮಕ್ಕಳಾದರೂ ಎಲ್ಲ ಶಾಲೆಗಳ ಕಾರ್ಡೂ ಏಣಿಯೂ ಒಂದೇ. ಪುಸ್ತಕ ಇಲ್ಲ, ಹಾಜರಿ ವಹಿ ಇಲ್ಲ, ಅವರ ಶಿಕ್ಷಕರು ಎಲ್ಲಿದ್ದಾರೋ ಗೊತ್ತಿಲ್ಲ. ಆದರೂ ಒಬ್ಬ ಹುಡುಗ ಏಣಿಯ ಚಿತ್ರದ ಮೇಲೆ ಬೆರಳಿಟ್ಟು, "ನಾ ಇಲ್ಲಿಮಟ ಬಂದೀನ್ರಿ" ಅಂದ. ಅಲ್ಲಿಂದಲೇ ಶುರು ಮಾಡಿದೆವು. ಮನೆ, ದನ, ಹೊಲ ಎಲ್ಲ ಎಲ್ಲಿವೆಯೋ ತಿಳಿಯದ ಮಗುವಿಗೆ ತಾನು ಎಲ್ಲಿಯವರೆಗೆ ಕಲಿತಿದ್ದೆ ಅನ್ನುವುದೊಂದು ಗೊತ್ತಿತ್ತು. ಆ ಮುಖ ನಾನು ಮರೆಯಲಾರೆ.

ದೊಡ್ಡ ತರಗತಿಯವರಿಗೆ ಹೀಗೆ ಸುಲಭವಾಗಲಿಲ್ಲ. ನಮ್ಮ ಊರಿನ ಮಕ್ಕಳ ಪುಸ್ತಕ ತಂದು ಇಬ್ಬಿಬ್ಬರು ಹಂಚಿಕೊಂಡು ಓದಿದರು. ಹತ್ತನೇ ತರಗತಿಯ ಹುಡುಗಿಯರು ನೋಟ್ಸ್ ಇಳಿಸಿಕೊಂಡರು. ಪಾಪ, ಅದೇ ತಂಡದ ಎಸ್ಸೆಸ್ಸೆಲ್ಸಿ ಪರೀಕ್ಷೆ ಕೊರೋನಾದಿಂದಾಗಿ 2020ರ ಜೂನ್ 25ಕ್ಕೆ ಹೋಯಿತು. ಒಂದೇ ವರ್ಷದಲ್ಲಿ ಎರಡು ಪೆಟ್ಟು.

ತರಗತಿ ನಡೆಯುತ್ತಿದ್ದಂತೆ ದೊಡ್ಡವರಿಗೂ ಉಸಿರಾಡಲು ಆಯಿತು. ನೀರು ಇಳಿದ ಮೇಲೆ ತಾಯಂದಿರು ಮಕ್ಕಳನ್ನು ನಮ್ಮ ಹತ್ತಿರ ಬಿಟ್ಟು, ಮನೆಯ ಕೆಸರು ತೆಗೆಯಲು, ಹಾನಿ ಬರೆಸಲು ಹೋಗಿ ಬಂದರು. ಹಾವು, ಕುಸಿಯುವ ಗೋಡೆ ಇರುವ ಕಡೆ ಕೂಸುಗಳನ್ನು ಕರೆದೊಯ್ಯುವುದು ತಪ್ಪಿತು. ದಿನಾ ಹೆಸರು ಕರೆಯುತ್ತಿದ್ದುದರಿಂದ ಯಾವ ಮಗು ಬಂದಿಲ್ಲ ಅನ್ನುವುದು ತಕ್ಷಣ ತಿಳಿಯುತ್ತಿತ್ತು. ಬೀಗರ ಊರಿಗೆ ಹೊರಟವರಿಗೆ, "ಅಲ್ಲಿನ ಸಾಲಿಗೆ ಹಾಕ್ರಿ, ಟಿಸಿ ಆಮ್ಯಾಲೆ ತರಬಹುದು" ಅಂತ ಹೇಳಿ ಕಳಿಸಿದೆವು. ಟಿಸಿ ತಡವಾಯಿತೆಂದು ಮಗುವನ್ನು ಸೇರಿಸಿಕೊಳ್ಳದೆ ಇರುವಂತಿಲ್ಲ. ಅದೇ ಶಿಕ್ಷಣ ಹಕ್ಕು ಕಾಯ್ದೆಯ 5ನೇ ಕಲಂನಲ್ಲಿ ಇದು ಸ್ಪಷ್ಟವಾಗಿದೆ. ಎಷ್ಟೋ ತಂದೆತಾಯಿಗೆ ಇದು ಗೊತ್ತಿಲ್ಲದೆ ಮಕ್ಕಳು ಮನೆಯಲ್ಲೇ ಉಳಿದುಬಿಡುತ್ತಾರೆ.

ಯುನಿಸೆಫ್ ಇಂಥ ಹೊತ್ತಿಗೆಂದೇ ಒಂದು ಪೆಟ್ಟಿಗೆ ಕಳಿಸುತ್ತದೆ. ಒಬ್ಬ ಶಿಕ್ಷಕ, 40 ಮಕ್ಕಳಿಗೆ ಬೇಕಾದ ನೋಟ್‌ಬುಕ್, ಪೆನ್ಸಿಲ್ ಎಲ್ಲ ಅದರಲ್ಲಿರುತ್ತವೆ. ಮುಚ್ಚಳಕ್ಕೆ ಬಣ್ಣ ಬಳಿದರೆ ಅದೇ ಕಪ್ಪುಹಲಗೆ. ನಮಗೆ ಅಷ್ಟು ದೂರದಿಂದ ಬರುವುದು ಬೇಕಾಗಿಲ್ಲ. ಹೊಳೆಸಾಲಿನ ಪ್ರತಿ ತಾಲ್ಲೂಕಿನಲ್ಲಿ, ಎತ್ತರದ ಊರಿನ ಶಾಲೆಯೊಂದರಲ್ಲಿ ಒಂದು ಟ್ರಂಕ್ ಇಟ್ಟರೆ ಸಾಕು. ಒಂದು ಸೆಟ್ ನಲಿ-ಕಲಿ ಕಾರ್ಡು, ಪಾಟಿ, ಬಳಪ, ಮೇಲಿನ ತರಗತಿಗಳ ಪುಸ್ತಕ, ಒಂದು ಖಾಲಿ ಹಾಜರಿ ವಹಿ. ಮಳೆಗಾಲಕ್ಕೆ ಮುಂಚೆ ಅಕ್ಕಿ, ಬೇಳೆ, ಹೊದಿಕೆಗಳ ಪಟ್ಟಿ ಮಾಡುವಾಗ ಇದನ್ನೂ ಬರೆಯಬೇಕು. ಜೊತೆಗೆ, ಕೇಂದ್ರಕ್ಕೆ ನೇಮಿಸುವ ಶಿಕ್ಷಕರಲ್ಲಿ ಒಬ್ಬರಿಗಾದರೂ ಮೊದಲ ದಿನದಿಂದಲೇ ಪಾಠ ಮಾಡುವ ಕೆಲಸವನ್ನೇ ಕೊಡಬೇಕು.