ಸಕ್ಕರೆ ಬಿಟ್ಟ ಮನೆಗಳು

1787. ಲಿವರ್‌ಪೂಲ್‌ನ ಅಂಗಡಿಯೊಂದರಲ್ಲಿ ಗುಲಾಮರ ವ್ಯಾಪಾರದ ವಿರುದ್ಧ ಹೋರಾಡುತ್ತಿದ್ದ ಇಂಗ್ಲಿಷ್ ಮನುಷ್ಯ ಥಾಮಸ್ ಕ್ಲಾರ್ಕ್‌ಸನ್ ಕೈಕೋಳ, ಕಾಲಿನ ಸಂಕೋಲೆ, ಹೆಬ್ಬೆರಳು ಹಿಂಡುವ ತಿರುಪು ಕೊಂಡರು. ಜೊತೆಗೆ ಇನ್ನೊಂದು ಉಪಕರಣ. ಹಡಗಿನಲ್ಲಿ ಊಟ ಬಿಟ್ಟು ಕೂತ ಗುಲಾಮರ ಬಾಯಿಯನ್ನು ಬಲವಂತವಾಗಿ ತೆರೆಯುವುದಕ್ಕಂತೆ. ರಾಜಾರೋಷವಾಗಿ ಮಾರಾಟಕ್ಕಿತ್ತು! ಓದಿದಾಗಿನಿಂದ ತಲೆಯಿಂದ ಹೋಗುತ್ತಿಲ್ಲ. ಇವನ್ನೇ ಜನರಿಗೆ ತೋರಿಸುತ್ತಾ ಅವರು ಊರೂರು ಸುತ್ತಿದರು.

ಅದೇ ವರ್ಷ ಮೇ ತಿಂಗಳಲ್ಲಿ ಲಂಡನ್‌ನ ಒಂದು ಪ್ರೆಸ್ಸಿನಲ್ಲಿ 12 ಜನ ಸೇರಿ ಈ ವ್ಯಾಪಾರ ನಿಲ್ಲಿಸಲು ಸಮಿತಿ ಕಟ್ಟಿದ್ದರು. 9 ಮಂದಿ ಕ್ವೇಕರ್ ಅನ್ನುವ ಕ್ರೈಸ್ತ ಪಂಗಡದವರು. ಹೆಸರು ಮಾತ್ರ ಜಾಸ್ತಿ ಬಂದದ್ದು ಪಾರ್ಲಿಮೆಂಟಿನಲ್ಲಿ ಮಾತಾಡಿದ ವಿಲ್ಬರ್‌ಫೋರ್ಸ್‌ಗೆ. ಇರಲಿ, ಅವರ ಪಾಲೂ ದೊಡ್ಡದೇ. ಆದರೆ 1791ರಲ್ಲಿ ಈ ವ್ಯಾಪಾರ ನಿಷೇಧಿಸುವ ಮಸೂದೆ ಬಿದ್ದುಹೋದಾಗ ಲಕ್ಷಾಂತರ ಜನ ಗುಲಾಮರ ದುಡಿಮೆಯಿಂದ ಬರುತ್ತಿದ್ದ ವೆಸ್ಟ್ ಇಂಡೀಸ್ ಸಕ್ಕರೆ ಬಿಟ್ಟರಲ್ಲ, ನನಗೆ ಹಿಡಿಸಿದ್ದು ಅದು. ಅದರಲ್ಲೂ ಹೆಂಗಸರು. ಅವರಿಗೆ ವೋಟಿಲ್ಲ. ಮನೆಗೆ ಏನು ತರಬೇಕು ಅನ್ನೋದು ಮಾತ್ರ ಅವರ ಕೈಲೇ ಇತ್ತು, ಅಲ್ವಾ? ಕೆಲವರು ಬದಲಿಗೆ ನಮ್ಮ ಭಾರತದ ಕಡೆಯ ಸಕ್ಕರೆ ತರಿಸಿಕೊಂಡರಂತೆ.

ಗುಲಾಮರ ವ್ಯಾಪಾರ ನಿಷೇಧಿಸುವ ಕಾನೂನು ಬಂದದ್ದು 1807ರಲ್ಲಿ. ಗುಲಾಮಗಿರಿಯೇ ಹೋಗಲು 1833ರ ಕಾನೂನು ಬೇಕಾಯಿತು. ಆಗ 2 ಕೋಟಿ ಪೌಂಡ್ ಪರಿಹಾರವನ್ನೂ ಕೊಟ್ಟರು, ಮಾಲೀಕರಿಗೆ. ಗುಲಾಮರಾಗಿದ್ದವರಿಗೆ ಬಿಡಿಗಾಸೂ ಇಲ್ಲ.