ಹನ್ನೆರಡು ತಂತಿ, ಎರಡು ತಲೆ

"ತಮ್ಮಾ, ಬರೋವಾಗ ನಿನ್ನ ನೋಸ್ ಪ್ಲೈಯರ್ ತೊಗೊಂಡು ಬಾ. ನಮ್ಮನಿಯೊಳಗಿಂದು ತುಕ್ಕು ಹಿಡದದ" ಅಂತ ಭಾವ ಫೋನಿನಲ್ಲಿ ಹೇಳಿದಾಗಲೇ ನನಗೆ ಗೊತ್ತಾಯಿತು, ಶನಿವಾರದ ಊಟ ಪುಕ್ಕಟೆ ಅಲ್ಲ ಅಂತ.

ಭಾವ, ಅಕ್ಕ ಇರುವುದು ಕ್ಯಾಲಿಫೋರ್ನಿಯಾದ ಫುಲರ್ಟನ್‌ನಲ್ಲಿ. ಅರವತ್ತರ ದಶಕದ ಹಾಡುಗಳನ್ನು ನುಡಿಸುವ ಒಂದು ಹವ್ಯಾಸಿ ಬ್ಯಾಂಡ್ ಭಾವನದು. ಅದಕ್ಕೆಂದೇ ಹನ್ನೆರಡು ತಂತಿಯ ಎಲೆಕ್ಟ್ರಿಕ್ ಗಿಟಾರ್ ಇಟ್ಟುಕೊಂಡಿದ್ದಾರೆ, ಅದೂ ಎರಡು. ಒಂದು ರಿಕನ್‌ಬ್ಯಾಕರ್ 360/12. ಇನ್ನೊಂದು ಫೆಂಡರ್ ಎಲೆಕ್ಟ್ರಿಕ್ ಟ್ವೆಲ್ವ್, 2019ರಲ್ಲಿ ಕಂಪನಿ ಮತ್ತೆ ಹೊರತಂದ ಮಾದರಿ. ಭುಜ ಹಿಡಿದುಕೊಂಡಿದ್ದರಿಂದ ಸದ್ಯಕ್ಕೆ ಅವರು ಬಗ್ಗಿ ಕೆಲಸ ಮಾಡುವಂತಿರಲಿಲ್ಲ. ಎರಡಕ್ಕೂ ತಂತಿ ಹಾಕುವ ಕೆಲಸ ನನ್ನ ಪಾಲಿಗೆ ಬಂತು. ನಾನು ಗಿಟಾರ್ ನುಡಿಸಿದ್ದು ಕಡಿಮೆ, ಬೇರೆಯವರ ಗಿಟಾರಿಗೆ ತಂತಿ ಹಾಕಿಕೊಟ್ಟಿದ್ದೇ ಜಾಸ್ತಿ. ಹಾಗಾಗಿ ಇಲ್ಲಿ ಹೇಳುವುದೆಲ್ಲ ತಂತಿ ಹಾಕುವವನ ಮಾತು ಅಂತ ಮೊದಲೇ ಹೇಳಿಬಿಡುತ್ತೇನೆ.

ಹನ್ನೆರಡು ತಂತಿ ಅಂದರೆ ಆರು ಜೋಡಿ. ಮೇಲಿನ ಎರಡು ಜೋಡಿಯಲ್ಲಿ ಎರಡೂ ತಂತಿಗೆ ಒಂದೇ ಸ್ವರ. ಉಳಿದ ನಾಲ್ಕರಲ್ಲಿ ಒಂದು ಮಾಮೂಲಿ ತಂತಿ, ಇನ್ನೊಂದು ಅದಕ್ಕಿಂತ ಒಂದು ಸ್ಥಾಯಿ ಮೇಲಿನದು. ಆ ಮಿಣುಗುಟ್ಟುವ ನಾದ ಬರುವುದು ಇದರಿಂದಲೇ. ಕಷ್ಟ ಇರುವುದು ಬಿರಡೆಗಳದ್ದು. ಪ್ರತಿ ಬಿರಡೆಯನ್ನೂ ತಿರುಗಿಸಲು ಎರಡು ಬೆರಳಿಗಾದರೂ ಜಾಗ ಬೇಕು ಅಲ್ವಾ? ಹನ್ನೆರಡನ್ನು ಸಾಲಾಗಿ ಕೂರಿಸಿದರೆ ಗಿಟಾರಿನ ತಲೆ ಉದ್ದವಾಗುತ್ತದೆ. ಅಷ್ಟೂ ಲೋಹ ಕುತ್ತಿಗೆಯ ತುದಿಗೆ ಹೋಗಿ ಕೂರುತ್ತದೆ. ಬೆಲ್ಟು ಹಾಕಿಕೊಂಡು ನಿಂತರೆ ತಲೆ ನೆಲದ ಕಡೆ ಜಗ್ಗುತ್ತದೆ. ಎಡಗೈ ನುಡಿಸಬೇಕೋ, ಗಿಟಾರನ್ನು ಎತ್ತಿ ಹಿಡಿಯಬೇಕೋ?

ಧಾರವಾಡದಲ್ಲಿ ಬೆಳೆದ ನಮಗೆ ಸಿತಾರ ಕಂಡದ್ದೇ. ಅದರಲ್ಲಿ ತರಫಿನ ತಂತಿಗಳ, ಅಂದರೆ ಮೀಟದೆ ತಾವಾಗಿ ಮಿಡಿಯುವ ತಂತಿಗಳ ಬಿರಡೆ ತಲೆಗೆ ಹೋಗುವುದೇ ಇಲ್ಲ, ದಂಡಿಯ ಪಕ್ಕದಲ್ಲೇ ಸಾಲಾಗಿ ಕೂತಿರುತ್ತವೆ. ಅಗಲವಾದ ಟೊಳ್ಳು ದಂಡಿಗೆ ಅದು ಸರಿ. ಗಿಟಾರಿನ ಸಣ್ಣ ಕುತ್ತಿಗೆಯಲ್ಲಿ ಅಷ್ಟು ಜಾಗ ಎಲ್ಲಿದೆ?

ಮೊದಲು ರಿಕನ್‌ಬ್ಯಾಕರ್ ತೆಗೆದುಕೊಂಡೆ. ಕಷ್ಟದ್ದು ಊಟಕ್ಕೆ ಮುಂಚೆಯೇ ಮುಗಿಯಲಿ ಅಂತ. ಇದರ ತಲೆ ಆರು ತಂತಿಯ ಗಿಟಾರಿನ ತಲೆಯಷ್ಟೇ ಉದ್ದ. ದೂರದಿಂದ ನೋಡಿದರೆ ಬಿರಡೆ ತಿರುಗಿಸುವ ಕಿವಿ ಆರೇ ಕಾಣುತ್ತವೆ. ಉಳಿದ ಆರು ಹಿಂದಕ್ಕೆ ತಿರುಗಿವೆ. ಆರು ತಂತಿ ಮಾಮೂಲಿಯಾಗಿ ನೆಟ್ಟಗೆ ನಿಂತ ಗೂಟಗಳಿಗೆ ಹೋಗುತ್ತವೆ. ಮಿಕ್ಕ ಆರಕ್ಕೆ ತಲೆಯ ಮುಖದಲ್ಲಿ ಎರಡು ಉದ್ದನೆಯ ಕಾಲುವೆ ಕೊರೆದು, ಅದರೊಳಗೆ ಗೂಟಗಳನ್ನು ಅಡ್ಡ ಮಲಗಿಸಿದ್ದಾರೆ. ಕ್ಲಾಸಿಕಲ್ ಗಿಟಾರಿನಲ್ಲಿ ಇರುತ್ತಲ್ಲ, ಹಾಗೆ. ಆದರೆ ಅಲ್ಲಿ ಸೀಳು ಆರಪಾರ ಇರುತ್ತದೆ, ಇಲ್ಲಿ ಕಾಲುವೆಗೆ ತಳ ಇದೆ.

ಯೋಚನೆ ಡಿಕ್ ಬರ್ಕ್ ಎಂಬ ರಿಕನ್‌ಬ್ಯಾಕರ್ ಕೆಲಸಗಾರನದು, ಕಾಲ 1963ರ ಆಸುಪಾಸು. 1964ರ ಫೆಬ್ರವರಿಯಲ್ಲಿ ಇಂಗ್ಲೆಂಡಿನ ಬೀಟಲ್ಸ್ ಬ್ಯಾಂಡ್ ಮೊದಲ ಸಲ ಅಮೆರಿಕಕ್ಕೆ ಬಂದಾಗ ನ್ಯೂಯಾರ್ಕಿನಲ್ಲಿ ಇಂಥದ್ದೊಂದು ಅದರ ಗಿಟಾರ್ ವಾದಕ ಜಾರ್ಜ್ ಹ್ಯಾರಿಸನ್ ಕೈ ಸೇರಿತು. ಆಮೇಲೆ ಆ ನಾದ ಎಲ್ಲ ಕಡೆ ಹಬ್ಬಿತು. ಅದೇ ಹ್ಯಾರಿಸನ್ 1966ರಲ್ಲಿ ರವಿಶಂಕರ್ ಹತ್ತಿರ ಸಿತಾರ ಕಲಿಯಲು ಕೂತರು. ಬಿರಡೆಗಳ ಮಟ್ಟಿಗೆ ಅವರಿಗೆ ಒಳ್ಳೆ ತಾಲೀಮೇ ಆಗಿತ್ತು ಅನ್ನಿ.

ನೋಡಲು ಜಾಣತನದ ಕೆಲಸ, ನಿಜ. ತಂತಿ ಹಾಕಲು ಕೂತಾಗ ಬೇರೆ ಕಥೆ. ತಂತಿಯ ತುದಿಯನ್ನು ಕಾಲುವೆಯೊಳಗೆ ಇಳಿಸಿ ಗೂಟದ ತೂತಿಗೆ ತೂರಿಸಬೇಕು. ಬೆರಳು ಒಳಗೆ ಹೋಗುವುದಿಲ್ಲ. ತೂತು ಸರಿಯಾಗಿ ಮೇಲೆ ಬರುವ ಹಾಗೆ ಕಿವಿ ತಿರುಗಿಸಿಕೊಂಡು, ತುದಿಯನ್ನು ಪ್ಲೈಯರಿನಲ್ಲಿ ಸ್ವಲ್ಪ ಬಗ್ಗಿಸಿ ಇಳಿಸಿದರೆ ಅದು ತಳಕ್ಕೆ ತಾಗಿ ಪುಟಿದು ಹೊರಗೆ ಬರುತ್ತದೆ. ಮತ್ತೆ ತೂರಿಸು. ಪಕ್ಕದಲ್ಲಿ ಆಗಲೇ ಹಾಕಿದ ತಂತಿ ಅಡ್ಡ ಬರುತ್ತದೆ. ಸುತ್ತುವಾಗ ಸುರುಳಿ ಒಂದರ ಮೇಲೊಂದು ಹತ್ತದ ಹಾಗೆ ತೋರುಬೆರಳಿನಿಂದ ತಂತಿಯನ್ನು ಬಿಗಿಯಾಗಿ ಹಿಡಿದಿರಬೇಕು. ಕತ್ತರಿಸಿದ ತುದಿ ಕಾಲುವೆಯಲ್ಲೇ ಅಡಗಿ ಕೂತಿರುತ್ತದೆ. ಒರೆಸಲು ಹೋದವನ ಉಗುರಿನ ಸಂದಿಗೆ ಚುಚ್ಚುವುದೇ ಅದರ ಕಸುಬು.

"ಇದನ್ನ ಮಾಡಿದಾಂವಾ ತನ್ನ ಕೈಲೆ ಎಂದೂ ತಂತಿ ಹಾಕಿರಲಿಕ್ಕಿಲ್ಲ ಬಿಡ್ರಿ ಭಾವಾ" ಅಂದೆ.

"ನುಡಿಸಾಂವಗ ಮಾಡ್ಯಾನ, ನಿನಗಲ್ಲ" ಅಂದರು.

ಊಟಕ್ಕೆ ಅಕ್ಕ ರೊಟ್ಟಿ, ಎಣಗಾಯಿ ಮಾಡಿದ್ದಳು. ಬೆರಳಿನ ಉರಿಗೆ ಖಾರ ಸೇರಿತು. ಅದಿರಲಿ.

ಊಟದ ನಂತರ ಫೆಂಡರ್. ಇದರದ್ದು ಉದ್ದ ತಲೆ, ಒಂದು ಕಡೆ ಬಾಗಿದ ಆಕಾರ. ಗಿಟಾರಿನವರು ಇದನ್ನು ಹಾಕಿ ಸ್ಟಿಕ್ ಅಂತಲೇ ಕರೆಯುತ್ತಾರೆ. ಆ ಕಡೆ ಆರು, ಈ ಕಡೆ ಆರು ಬಿರಡೆ. ಬಚ್ಚಿಡುವುದೇನೂ ಇಲ್ಲ. ಫೆಂಡರ್ ತಲೆ ಹಿಂದಕ್ಕೆ ಬಾಗಿರುವುದಿಲ್ಲವಾದ್ದರಿಂದ ನಡುವಿನ ತಂತಿಗಳು ನಟ್ (ತಲೆಯ ಬುಡದಲ್ಲಿ ತಂತಿ ಕೂರುವ ಗೀರುಗಳ ಪಟ್ಟಿ) ಬಿಟ್ಟು ಏಳದ ಹಾಗೆ ಒಂದು ಪುಟ್ಟ ಪಟ್ಟಿ ಅವನ್ನು ಕೆಳಗೆ ಒತ್ತಿ ಹಿಡಿದಿದೆ. ಅಷ್ಟೇ. ಕೈಯಾಡಿಸಲು ಧಾರಾಳ ಜಾಗ. ಇನ್ನೊಂದು ತುದಿಯಲ್ಲಿ ತಂತಿಗಳನ್ನು ಹೊರುವ ಬ್ರಿಡ್ಜಿನಲ್ಲೂ ಅದೇ ಉದಾರತೆ. ಹನ್ನೆರಡು ತಂತಿಗೂ ಒಂದೊಂದು ಸ್ಯಾಡಲ್, ಅಂದರೆ ತಂತಿ ಕೂರುವ ಪುಟ್ಟ ಆಸರೆ. ಪ್ರತಿ ತಂತಿಯ ಉದ್ದವನ್ನೂ ಬೇರೆ ಬೇರೆಯಾಗಿ ಹೊಂದಿಸಬಹುದು. ಭಾವನ ರಿಕನ್‌ಬ್ಯಾಕರ್‌ನಲ್ಲಿ ದಪ್ಪ ತಂತಿ, ಸಣ್ಣ ತಂತಿ ಎರಡಕ್ಕೂ ಸೇರಿ ಒಂದೇ ಸ್ಯಾಡಲ್. ಮೇಲಿನ ಫ್ರೆಟ್‌ಗಳಿಗೆ ಹೋದರೆ ಜೋಡಿಯಲ್ಲಿ ಒಂದಾದರೂ ಸ್ವಲ್ಪ ಮುನಿಸಿಕೊಳ್ಳುತ್ತದೆ.

ಸಲೀಸಾಗಿ ನಡೆದಿತ್ತು. ಮೂರನೇ ಜೋಡಿಯ ಮೇಲುಸ್ಥಾಯಿ ಜಿ ತಂತಿಯನ್ನು ಶ್ರುತಿಗೆ ತರುವಾಗ ಪಟ್ ಅಂತ ಹೋಯಿತು. ಹನ್ನೆರಡು ತಂತಿಯ ಗಿಟಾರಿನಲ್ಲಿ ಹೋಗುವುದು ಬಹುಪಾಲು ಅದೇ. ಗಿಟಾರಿನ ಅತಿ ಎತ್ತರದ ಸ್ವರದ ತಂತಿ ಇ ಅಂದುಕೊಳ್ಳುತ್ತೇವೆ, ಅದು 330 ಹರ್ಟ್ಜ್. ಈ ಜಿ ಅದಕ್ಕೂ ಮೇಲೆ, 392. ಭಾವ ತಕ್ಷಣ "ದಪ್ಪನ್ನ ತಂತಿ ಹಾಕು, ತಡೀತದ" ಅಂದರು. ಎಲ್ಲರೂ ಹೇಳುವುದು ಇದನ್ನೇ. ಅದರಿಂದ ಪ್ರಯೋಜನ ಇಲ್ಲ. ತಂತಿ ದಪ್ಪವಾದಷ್ಟೂ ಅದೇ ಸ್ವರಕ್ಕೆ ಬರಲು ಜಾಸ್ತಿ ಬಿಗಿ ಬೇಕು. ತಂತಿಯ ಶಕ್ತಿ ಎಷ್ಟು ಹೆಚ್ಚಿತೋ ಅದರ ಮೇಲಿನ ಎಳೆತವೂ ಅಷ್ಟೇ ಹೆಚ್ಚುತ್ತದೆ. ಉಕ್ಕಿನ ತಂತಿ ಯಾವ ಸ್ವರದಲ್ಲಿ ಕಡಿಯುತ್ತದೆ ಅನ್ನುವುದಕ್ಕೆ ಮುಖ್ಯ ಅದರ ಉದ್ದ. ಫೆಂಡರ್‌ನಲ್ಲಿ ನಟ್‌ನಿಂದ ಬ್ರಿಡ್ಜಿಗೆ ಸುಮಾರು 64.8 ಸೆಂ.ಮೀ., ರಿಕನ್‌ಬ್ಯಾಕರ್‌ನಲ್ಲಿ 62.9. ಆ ಎರಡು ಸೆಂಟಿಮೀಟರಿನಷ್ಟು ಫೆಂಡರ್‌ನ ಜಿ ತಂತಿ ಕಡಿಯುವ ಹಂತಕ್ಕೆ ಹತ್ತಿರ. ಹಾಗಾಗಿ ಕೇಸಿನಲ್ಲಿ ಬಿಡಿ ಜಿ ತಂತಿ ಇಟ್ಟುಕೊಳ್ಳುವುದೇ ಮದ್ದು. ಭಾವ ಇಟ್ಟಿದ್ದರು, ಪುಣ್ಯ.

ಈ ಎರಡು ಗಿಟಾರಿನ ಹಿಂದೆ ಒಂದು ಊರಿನ ಕಥೆಯೂ ಇದೆ. ಲಿಯೋ ಫೆಂಡರ್ ಕಾರ್ಖಾನೆ ಇದ್ದದ್ದು ಇದೇ ಫುಲರ್ಟನ್‌ನಲ್ಲಿ. ರಿಕನ್‌ಬ್ಯಾಕರ್ ಇರುವುದು ಸಾಂಟಾ ಆನಾದಲ್ಲಿ, ನಾನು ಅರ್ವೈನ್‌ನಿಂದ ಬರುವ ದಾರಿಯಲ್ಲೇ ಸಿಗುತ್ತದೆ. ರಿಕನ್‌ಬ್ಯಾಕರ್ ಒಡೆಯ ಎಫ್. ಸಿ. ಹಾಲ್ ಮೊದಲು ಲಿಯೋ ಮಾಡಿದ ಗಿಟಾರುಗಳನ್ನು ಮಾರುತ್ತಿದ್ದವರು. 1953ರಲ್ಲಿ ರಿಕನ್‌ಬ್ಯಾಕರ್ ಕಂಪನಿಯನ್ನೇ ಕೊಂಡು ಎದುರಾಳಿಯಾದರು. ಅವರ ಹನ್ನೆರಡು ತಂತಿ ಗೆದ್ದ ಮೇಲೆ 1965ರಲ್ಲಿ ಫೆಂಡರ್ ತನ್ನದನ್ನು ತಂದಿತು. ಅಷ್ಟರಲ್ಲಿ ಲಿಯೋ ಕಂಪನಿಯನ್ನು ರೇಡಿಯೋ, ಟಿವಿ ಕಂಪನಿಯಾದ ಸಿಬಿಎಸ್‌ಗೆ ಮಾರಿದ್ದರು. ಪಕ್ಕದ ಊರಿನದ್ದನ್ನು ನೋಡಿಯೂ ಆ ಕಾಲುವೆ ತಲೆಯ ಗೋಜಿಗೆ ಫೆಂಡರ್‌ನವರು ಹೋಗಲಿಲ್ಲ ಅನ್ನುವುದು ನನಗೆ ಬಹಳ ಇಷ್ಟ.

ಸಂಜೆ ಭಾವ ನೋವಿಲ್ಲದ ಭುಜಕ್ಕೆ ಬೆಲ್ಟು ಹಾಕಿಕೊಂಡು ನಿಂತರು. ಮೊದಲು ಫೆಂಡರ್. ಎಡಗೈ ಬಿಟ್ಟರು. ತಲೆ ನಿಧಾನಕ್ಕೆ ಕೆಳಗಿಳಿಯಿತು. ಆಮೇಲೆ ರಿಕನ್‌ಬ್ಯಾಕರ್. ಅದು ಒಂದಿಷ್ಟು ಬಾಗಿ ಅಲ್ಲೇ ನಿಂತಿತು. "ನೋಡಿದಿಯಿಲ್ಲೊ?" ಅಂದರು. ನೋಡಿದೆ. ಭುಜ ನೋವಿನ ಮನುಷ್ಯ ಎರಡು ತಾಸು ನಿಂತು ನುಡಿಸಬೇಕಾದರೆ ಯಾವುದು ಬೇಕು ಅಂತ ವಾದ ಮಾಡುವುದಕ್ಕೆ ಏನೂ ಉಳಿಯಲಿಲ್ಲ. ಆದರೆ ಅದನ್ನೇ ಶ್ರುತಿ ಮಾಡಲು ಹೋಗಿ ಪಕ್ಕದ ಕಿವಿ ಹಿಡಿಯಬೇಕೋ ಹಿಂದಿನದೋ ಅಂತ ಭಾವ ತಡಕಾಡಿದ್ದನ್ನೂ ನೋಡಿದೆ. ನಾನು ಸುಮ್ನಿದ್ದೆ.

ಹೊರಡುವಾಗ ಕೇಳಿದರು, ನಿನಗೊಂದು ಕೊಡಿಸಿದರೆ ಯಾವುದು ತೊಗೋತಿ ಅಂತ. ಫೆಂಡರ್ ಅಂದೆ, ಯೋಚನೆಯನ್ನೇ ಮಾಡದೆ. ರಿಕನ್‌ಬ್ಯಾಕರ್ ಕೊಟ್ಟರೂ ಬೇಡ ಅನ್ನುವವನಲ್ಲ. ಹೊಸ ತಂತಿ ಮಾತ್ರ ಅವರೇ ಹಾಕಿ ಕೊಡಬೇಕು.